ಚೈತ್ರಶ್ರೀಯ ಪಕ್ಕದಲ್ಲಿದ್ದವನು

ನಾನು ತೆಗೆದ ಫೋಟೋಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದೇ ಒಂದು. ಅದರಲ್ಲಿ ಇಬ್ಬರಿದ್ದರು, ಒಂದು ಮೇಕೆಯಿತ್ತು. ಈಗ ಒಬ್ಬಳೇ ಇದ್ದಾಳೆ. ಇನ್ನೊಬ್ಬನನ್ನು ತೆಗೆದುಹಾಕಿದವಳು ನಾನು. ಅವನು ಯಾರು ಎಂದು ತಿಳಿಯುವುದು ಅವಳ ತಾಯಿಗೆ ಅನ್ನ ನೀರಿಗಿಂತ ಹೆಚ್ಚಾಗಿ ಬೇಕಾಗಿತ್ತು.

ನ್ಯಾಮತಿಯ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನಮ್ಮದೊಂದು ಸ್ಟುಡಿಯೊ ಇತ್ತು. ಯಜಮಾನರು, ಹನುಮಣ್ಣ, ಮುಂದಿನ ಕೋಣೆಯಲ್ಲಿ ಫೋಟೋ ಹಿಡಿಯುತ್ತಿದ್ದರು. ಹಿಂದಿನ ಕತ್ತಲೆ ಕೋಣೆ ನನ್ನದು. ಫಿಲ್ಮು ತೊಳೆಯುವುದು, ಒಣಗಿಸುವುದು, ಆಮೇಲೆ ನೆಗೆಟಿವನ್ನು ಓರೆ ಗಾಜಿನ ಮೇಲಿಟ್ಟು ಹಿಂದಿನಿಂದ ಬೆಳಕು ಬಿಟ್ಟು ತಿದ್ದುವುದು. ಮೊಡವೆ ಇದ್ದರೆ ಪೆನ್ಸಿಲಿನಲ್ಲಿ ಮುಚ್ಚುತ್ತಿದ್ದೆ. ಬೇಡದ್ದು ಏನಾದರೂ ಇದ್ದರೆ ಸಣ್ಣ ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಿದ್ದೆ. ಅವರು ತೀರಿಕೊಂಡ ಮೇಲೆ ಮುಂದಿನ ಕೋಣೆಯನ್ನು ವೆಂಕಟೇಶ್ ಎಂಬುವನಿಗೆ ಝೆರಾಕ್ಸ್ ಅಂಗಡಿಗೆ ಕೊಟ್ಟೆ. ಹಿಂದಿನದನ್ನು ಕೊಡಲಿಲ್ಲ.

ಅವರ ಕ್ಯಾಮೆರಾ ಕೂಡ ನನ್ನ ಹತ್ತಿರವೇ ಇದೆ. ಎದೆಯ ಹತ್ತಿರ ಹಿಡಿದುಕೊಂಡು ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ ಥರದ್ದು. ಒಂದು ರೋಲಿಗೆ ಹನ್ನೆರಡೇ ಚಿತ್ರ. ವೆಂಕಟೇಶ್ ತನ್ನ ಫೋನಿನಲ್ಲಿ ಆರ್ಡರ್ ಮಾಡಿ ವರ್ಷಕ್ಕೆ ಎರಡು ರೋಲು ತರಿಸಿಕೊಡುತ್ತಾನೆ. ಸಂತೆಯ ದಿನ ಅದನ್ನು ಕೊರಳಿಗೆ ಹಾಕಿಕೊಂಡು ಹೊರಡುತ್ತೇನೆ. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಜನ ಸೆಟೆದು ನಿಲ್ಲುತ್ತಾರೆ. ಇದರಲ್ಲಿ ಹಾಗಲ್ಲ, ಮುದುಕಿ ಡಬ್ಬಿಯೊಳಗೆ ಏನೋ ಹುಡುಕುತ್ತಿದ್ದಾಳೆ ಎಂದುಕೊಂಡು ಅವರ ಪಾಡಿಗೆ ಅವರಿರುತ್ತಾರೆ. ಎಷ್ಟೋ ಸಂತೆಗಳಲ್ಲಿ ಒಂದೂ ತೆಗೆಯದೆ ಬಂದಿದ್ದೇನೆ. ನನಗೇನೂ ಅವಸರವಿಲ್ಲ.

ಆವತ್ತು ಮಧ್ಯಾಹ್ನ ಮೂರು ದಾಟಿತ್ತು. ಕಬ್ಬಿನ ಹಾಲಿನ ಗಾಡಿಯ ಹತ್ತಿರ, ಹಳೇ ಗೋದಾಮಿನ ಗೋಡೆಯ ನೆರಳು ರಸ್ತೆಯ ಅರ್ಧದವರೆಗೆ ಬಿದ್ದಿತ್ತು. ನೆರಳಿನ ಅಂಚಿಗೆ, ಬಿಸಿಲಿನಲ್ಲಿ, ಒಂದು ಹುಡುಗಿ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದಳು. ಯಾರದೋ ಮೇಕೆ ಹಿಂದಿನಿಂದ ಬಂದು ಕಟ್ಟಿಗೆ ಬಾಯಿ ಹಾಕಿ ಎಳೆಯಿತು. ಹುಡುಗಿ ಬಿಡಲಿಲ್ಲ, ಮೇಕೆಯೂ ಬಿಡಲಿಲ್ಲ. ಅವಳು ವಾಲಿದಳು, ಕತ್ತು ಹಿಂದಕ್ಕೆ ಹೋಯಿತು, ಬಾಯಿ ತುಂಬ ನಗು. ನಾನು ಒತ್ತಿದೆ. ಇಂಥದ್ದು ಸಿಕ್ಕಾಗ ಮೈಯೊಳಗೇ ಗೊತ್ತಾಗುತ್ತದೆ, ಮುಂದಿನ ಸಲ ನೋಡೋಣ ಎನ್ನುವ ಪ್ರಶ್ನೆಯೇ ಇರುವುದಿಲ್ಲ. ತಲೆಯೆತ್ತಿ ನೋಡುವಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಅಡ್ಡ ಬಂತು. ಅದು ಹೋದ ಮೇಲೆ ಅಲ್ಲಿ ಮೇಕೆ ಮಾತ್ರ ಸೊಪ್ಪು ಮೇಯುತ್ತಿತ್ತು. ಚೀಟಿಯಲ್ಲಿ ಬರೆದುಕೊಂಡೆ: ಏಳನೆಯದು, ಸಂತೆ, ಮೇಕೆ, ಉಚ್ಚಂಗಮ್ಮನ ಮಗಳು.

ಹುಡುಗಿ ನನಗೆ ಗೊತ್ತಿದ್ದವಳೇ. ಚೈತ್ರಶ್ರೀ ಅಂತ, ಇಪ್ಪತ್ತೆರಡು ವರ್ಷ, ಹೊನ್ನಾಳಿಯಲ್ಲಿ ಒಂದು ಬೀಜದ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ. ತಾಯಿ ಉಚ್ಚಂಗಮ್ಮ ನಮ್ಮ ಬೀದಿಯ ಕೊನೆಯ ಮನೆಯವಳು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಜಗಳೂರು ಕಡೆಯಿಂದ ಗಂಡನ ಜೊತೆ ಬಂದವಳು. ಗಂಡ ಹೋಗಿ ಹತ್ತು ವರ್ಷವಾಯಿತು. ಇದ್ದವಳು ಇವಳೊಬ್ಬಳೇ.

ಆವತ್ತು ರಾತ್ರಿ ಚೈತ್ರಶ್ರೀ ಮನೆಗೆ ಬರಲಿಲ್ಲ. ಮೂರನೆಯ ದಿನ ಸೂಳೆಕೆರೆಯ ತೂಬಿನ ಹತ್ತಿರ ಮೀನು ಹಿಡಿಯುವವರಿಗೆ ಸಿಕ್ಕಳು.

ನ್ಯಾಮತಿಯೆಲ್ಲಿ, ಸೂಳೆಕೆರೆಯೆಲ್ಲಿ? ಹೊನ್ನಾಳಿಗೆ ಹೋಗಬೇಕು, ಅಲ್ಲಿಂದ ಬಸವಾಪಟ್ಟಣದ ಕಡೆಗೆ ಇನ್ನೊಂದು ಬಸ್ಸು ಹಿಡಿಯಬೇಕು. ಅಷ್ಟು ದೂರ ಒಬ್ಬಳೇ ಯಾಕೆ ಹೋದಳು ಎಂದು ಉಚ್ಚಂಗಮ್ಮ ಕೇಳಿದ್ದಕ್ಕೆ ಪೊಲೀಸರು, ಹೆಂಗಸರಿಗೆ ಬಸ್ಸು ಫ್ರೀ ಅಲ್ಲವೇನಮ್ಮ, ಹತ್ತಿ ಹೋಗಿರುತ್ತಾಳೆ ಎಂದರಂತೆ. ಮೈಮೇಲೆ ಗಾಯವಿರಲಿಲ್ಲ. ಮನಸ್ಸಿಗೆ ಬೇಜಾರಾಗಿ ಬಿದ್ದಿದ್ದಾಳೆ ಎಂದು ಬೀದಿಯಲ್ಲಿ ಎಲ್ಲರೂ ಅಂದರು. ಉಚ್ಚಂಗಮ್ಮನೂ ಆಗ ಅದನ್ನೇ ನಂಬಿದ್ದಳು, ಇಲ್ಲವೇ ನಂಬದಿರಲು ಅವಳಿಗೆ ಶಕ್ತಿಯಿರಲಿಲ್ಲ.

ಎಂಟನೆಯ ದಿನ ಅವಳು ಅಂಗಡಿಗೆ ಬಂದಳು. ತಿಥಿಗೆ ಇಡುವುದಕ್ಕೆ ಫೋಟೋ ಬೇಕಾಗಿತ್ತು. ಮಗಳ ಫೋನಿನಲ್ಲಿ ಸಾವಿರ ಫೋಟೋ ಇದ್ದವಂತೆ, ಫೋನು ಸಿಕ್ಕಿರಲಿಲ್ಲ. ಗೆಳತಿಯರ ಫೋನಿನಲ್ಲಿ ಇದ್ದವಕ್ಕೆಲ್ಲ ನಾಯಿಯ ಕಿವಿ, ಬೆಕ್ಕಿನ ಮೀಸೆ. ಉಳಿದದ್ದು ಆಧಾರ್ ಕಾರ್ಡು. ವೆಂಕಟೇಶ್ ಅದನ್ನು ದೊಡ್ಡದು ಮಾಡಿ ತೋರಿಸಿದ. ಉಚ್ಚಂಗಮ್ಮ ನೋಡಿ, ಇದು ಯಾರೋ ಕಳ್ಳಿ ಇದ್ದಂಗೆ ಐತೆ ಎಂದು ಮುಖ ತಿರುಗಿಸಿದಳು.

ನನ್ನ ಹತ್ತಿರ ಒಂದಿದೆ ಎಂದು ನಾನು ಹೇಳಿದೆ. ಆ ದಿನದ್ದೇ ಎಂದೂ ಹೇಳಿದೆ. ಮೇಕೆಯ ವಿಷಯ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ನಗ್ತಾ ಇದ್ಲಾ?" ಎಂದು ಎರಡು ಸಲ ಕೇಳಿದಳು.

ರೋಲಿನಲ್ಲಿ ಇನ್ನೂ ಐದು ಚಿತ್ರ ಬಾಕಿಯಿತ್ತು. ಅದನ್ನು ಹಾಗೆಯೇ ಸುತ್ತಿ ತೆಗೆದು, ಅಂದೇ ತೊಳೆದೆ.

ಫಿಲ್ಮು ಒಣಗಿದ ಮೇಲೆ ಏಳನೆಯದನ್ನು ಕತ್ತರಿಸಿ ಗಾಜಿನ ಮೇಲಿಟ್ಟೆ. ನೆಗೆಟಿವಿನಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತದೆ, ಆದರೂ ನನಗೆ ಅದನ್ನು ಓದಲು ಪ್ರಿಂಟು ಬೇಕಾಗಿಲ್ಲ. ಬಿಳಿ ಕೂದಲು, ಕಪ್ಪು ಹಲ್ಲು, ಕಣ್ಣಿನ ಗುಡ್ಡೆಯಲ್ಲಿ ಬಿಳಿ ಚುಕ್ಕೆ, ಇವನ್ನೇ ನೋಡಿ ನೋಡಿ ನಲವತ್ತು ವರ್ಷ ಕಳೆದವಳು ನಾನು. ಊರಿನ ಎಷ್ಟೋ ಜನರನ್ನು ಮೊದಲು ಹಾಗೆ ನೋಡಿ, ಆಮೇಲೆ ಬೀದಿಯಲ್ಲಿ ನೋಡಿದ್ದೇನೆ. ಪ್ರಿಂಟು ಹಾಕುವ ಕಾಗದವೂ ನಾಲ್ಕೇ ಹಾಳೆ ಉಳಿದಿತ್ತು. ಅದಕ್ಕೇ ಮೊದಲು ತಿದ್ದಿ, ಆಮೇಲೆ ಹಾಕುವುದು ಎಂದುಕೊಂಡೆ.

ಭೂತಗನ್ನಡಿ ಹಿಡಿದಾಗ ಅವನು ಕಂಡ.

ಒತ್ತುವಾಗ ನನ್ನ ಕಣ್ಣು ಹುಡುಗಿಯ ಮೇಲಿತ್ತು, ಪಕ್ಕದವನನ್ನು ಗಮನಿಸಿರಲಿಲ್ಲ. ನೆರಳಿನ ಕಡೆಗೆ ನಿಂತಿದ್ದ. ಬೆನ್ನ ಹಿಂದೆ ಬೈಕು. ಒಂದು ಕೈಯಲ್ಲಿ ಹೆಲ್ಮೆಟ್ಟು. ಇನ್ನೊಂದು ಕೈಯಿಂದ, ಅವಳು ಬೀಳದಿರಲಿ ಎಂದು, ಅವಳ ಹೆಗಲ ಚೀಲದ ಪಟ್ಟಿಯನ್ನು ಹಿಡಿದುಕೊಂಡಿದ್ದ. ದಾರಿಹೋಕ ಹಾಗೆ ಹಿಡಿಯುವುದಿಲ್ಲ. ಬೆರಳು ಪಟ್ಟಿಯ ಒಳಗೆ ಹೋಗಿದ್ದವು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಸತ್ತವರ ಫೋಟೋದಲ್ಲಿ ಬದುಕಿರುವವರು ಇರಬಾರದು. ಅದಕ್ಕೆ ದೀಪ ಹಚ್ಚುತ್ತಾರೆ, ಹೂ ಹಾಕುತ್ತಾರೆ, ಇರುವವರಿಗೆ ಅದು ಆಗಿಬರುವುದಿಲ್ಲ. ಗಂಡ ಹೆಂಡಿರ ಫೋಟೋದಿಂದ ಗಂಡನನ್ನು ಮಾತ್ರ ಬಿಡಿಸಿಕೊಡಿ, ಅಣ್ಣತಮ್ಮಂದಿರ ಫೋಟೋದಿಂದ ಅಣ್ಣನನ್ನು ಬಿಡಿಸಿಕೊಡಿ ಎಂದು ಬರುತ್ತಿದ್ದರು. ಬೇರೆ ಸ್ಟುಡಿಯೊದವರು ಕೆಂಪು ಬಣ್ಣ ಬಳಿದು ಮುಚ್ಚುತ್ತಿದ್ದರು. ನಮ್ಮ ಯಜಮಾನರು ಒಪ್ಪುತ್ತಿರಲಿಲ್ಲ. ಬಣ್ಣದ ಕೆಳಗೆ ಅವರು ಇದ್ದೇ ಇರುತ್ತಾರೆ, ಮುಚ್ಚಿದರೆ ಸಾಲದು ತೆಗೆಯಬೇಕು ಎನ್ನುತ್ತಿದ್ದರು. ಮನೆಯವರೂ ಪೂರ್ತಿ ತೆಗೆದಿರಾ ಎಂದು ಕೇಳಿ ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು. ಹಾಗಾಗಿ ನಾನು ಬ್ಲೇಡಿನ ಕೆಲಸ ಕಲಿತೆ. ಫಿಲ್ಮಿನ ಮೇಲಿನ ಪದರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆರೆಯುವುದು. ಕೆರೆದ ಜಾಗ ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ಒಮ್ಮೆ ಕೆರೆದದ್ದು ಮತ್ತೆ ಬರುವುದಿಲ್ಲ.

ಅದೊಂದೇ ಕಾರಣವಾಗಿದ್ದರೆ ಇವತ್ತು ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. ಇನ್ನೊಂದು ಕಾರಣವಿತ್ತು. ಸತ್ತ ಹುಡುಗಿ, ಪಕ್ಕದಲ್ಲಿ ಯಾರೋ ಗಂಡಸು, ಅವನ ಕೈ ಅವಳ ಹೆಗಲ ಮೇಲೆ. ಇದನ್ನು ಬೀದಿಯವರು ಕಂಡರೆ ತಿಥಿಯ ಊಟ ಮಾಡುತ್ತಲೇ ಏನೆಲ್ಲ ಮಾತಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಉಚ್ಚಂಗಮ್ಮನಿಗೂ ತೋರಿಸುವುದು ಬೇಡ, ಅವಳಿರುವಷ್ಟು ದಿನ ಮಗಳು ಒಳ್ಳೆಯವಳಾಗಿಯೇ ಅವಳ ಮನಸ್ಸಿನಲ್ಲಿರಲಿ ಎಂದುಕೊಂಡೆ. ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ಬ್ಲೇಡು ತೆಗೆದುಕೊಂಡೆ.

ಎರಡು ಗಂಟೆ ಹಿಡಿಯಿತು. ಮೊದಲು ಮುಖ. ಎಡಗಡೆಯ ಹುಬ್ಬು ನಡುವೆ ಕತ್ತರಿಸಿದಂತೆ ಎರಡು ಭಾಗವಾಗಿತ್ತು. ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು, ಜೋತು ಬಿದ್ದಿರಲಿಲ್ಲ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿತ್ತು. ಆಮೇಲೆ ಅಂಗಿ, ಹೆಲ್ಮೆಟ್ಟು, ಬೈಕಿನ ದೀಪ. ಮುಂದಿನ ಮಡ್‌ಗಾರ್ಡಿನ ಮೇಲೆ ನಂಬರು ಇತ್ತು. ಬ್ಲೇಡಿನ ಕೆಲಸವನ್ನು ಚಿತ್ರದ ಪದರವಿರುವ ಫಿಲ್ಮಿನ ಒಳಮೈಯಲ್ಲಿ ಮಾಡಬೇಕು, ಆ ಕಡೆಯಿಂದ ಅಕ್ಷರಗಳೆಲ್ಲ ತಿರುವುಮುರುವು. ನಾನು ಓದಲು ಹೋಗಲಿಲ್ಲ. ಒಂದೊಂದಾಗಿ ಕೆರೆದೆ. ಕೊನೆಗೆ ಚೀಲದ ಪಟ್ಟಿಯ ಮೇಲಿನ ಬೆರಳುಗಳು. ಅಷ್ಟು ಚೊಕ್ಕ ಕೆಲಸ ನಾನು ಎಷ್ಟೋ ವರ್ಷದಿಂದ ಮಾಡಿರಲಿಲ್ಲ. ಗೋಡೆಯ ನೆರಳಿಗೆ ಅವನು ಇದ್ದ ಜಾಗ ಸೇರಿಹೋಯಿತು.

ಹನ್ನೊಂದನೆಯ ದಿನ ಫೋಟೋ ಕಟ್ಟಿಸಿ ಒಯ್ದುಕೊಟ್ಟೆ. ಉಚ್ಚಂಗಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಊಟಕ್ಕೆ ಬಂದವರಿಗೆಲ್ಲ ತೋರಿಸಿದಳು. ಸೊಪ್ಪು ತರಾಕೆ ಹೋಗಿದ್ಲು, ಮೇಕೆ ಜೊತೆ ಜಗಳ ಆಡ್ಕೊಂಡು ನಿಂತವಳೆ ನೋಡ್ರಿ ಎಂದು ಅಳುತ್ತಲೇ ನಕ್ಕಳು.

ಇಷ್ಟು ನಗುವವಳು ಅದೇ ಸಂಜೆ ಹೇಗೆ ಕೆರೆಗೆ ಬೀಳುತ್ತಾಳೆ ಎಂಬ ಪ್ರಶ್ನೆ ಅವಳಲ್ಲಿ ಹುಟ್ಟಿದ್ದು ಆ ಫೋಟೋದಿಂದಲೇ. ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಕೂತು ಅವಳಿಗೆ ಅನುಮಾನ ಬಲಿಯಿತು. ಬೀಜದ ಅಂಗಡಿಗೆ ಹೋಗಿ ಮಗಳ ಜೊತೆಗಿದ್ದವರನ್ನು ಕೇಳಿದಳು. ಒಬ್ಬಳು ಹೆದರಿಕೊಂಡೇ ಬಾಯಿಬಿಟ್ಟಳಂತೆ, ಮಾಲೀಕನ ತಂಗಿಯ ಮಗ ಸುದೀಪ್ ಎಂಬುವನ ಜೊತೆ ಚೈತ್ರಶ್ರೀಗೆ ಮಾತುಕತೆಯಿತ್ತು ಎಂದು. ದುಡ್ಡಿನವರು, ಜಾತಿಯಲ್ಲಿ ಮೇಲಿನವರು, ಮನೆಯಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಉಚ್ಚಂಗಮ್ಮ ಪೊಲೀಸರಿಗೆ ಹೇಳಿದಳು. ಅವರು ಅವನನ್ನು ಕರೆಸಿ ಕೇಳಿದರು. ಆವತ್ತು ನಾನು ಜಗಳೂರಿನಲ್ಲಿ ನಮ್ಮ ಅತ್ತೆಯ ಮನೆಯ ಗೃಹಪ್ರವೇಶದಲ್ಲಿದ್ದೆ, ನ್ಯಾಮತಿಗೆ ಕಾಲೇ ಇಟ್ಟಿಲ್ಲ ಎಂದ. ಮನೆಯವರೆಲ್ಲ ಹೌದು ಎಂದರು. ಕಬ್ಬಿನ ಹಾಲಿನವನು ಮೊದಲು, ಬೈಕಿನವನೊಬ್ಬ ಜೊತೆಗಿದ್ದ ಎಂದಿದ್ದನಂತೆ. ಮಾರನೆಯ ದಿನ ಕೇಳಿದರೆ ಸಂತೆ ಗದ್ದಲದಲ್ಲಿ ಯಾರನ್ನ ಅಂತ ನೋಡಲಿ ಎಂದುಬಿಟ್ಟ.

ಇದೆಲ್ಲ ನನಗೆ ಗೊತ್ತಾದದ್ದು ಅವಳು ಅರ್ಜಿಯನ್ನು ಝೆರಾಕ್ಸ್ ಮಾಡಿಸಲು ವೆಂಕಟೇಶನ ಅಂಗಡಿಗೆ ಬಂದ ದಿನ. ಒಬ್ಬರು, ಒಬ್ಬರೇ ಒಬ್ಬರು ಅವನನ್ನು ಅವಳ ಜೊತೆ ನೋಡಿದೆ ಅಂದರೆ ಸಾಕು, ಕೇಸು ಮತ್ತೆ ತೆಗೀತಾರಂತೆ ಎಂದಳು. ನಾನು ಒಳಗಿನ ಬಾಗಿಲಲ್ಲಿ ನಿಂತಿದ್ದೆ.

ಅವನ ಫೋಟೋ ಇದೆಯಾ ಎಂದು ಕೇಳಿದೆ. ಉಚ್ಚಂಗಮ್ಮನ ಫೋನಿನಲ್ಲಿತ್ತು, ಯಾವುದೋ ಮದುವೆಯಲ್ಲಿ ಹಲ್ಲು ಕಿರಿದು ನಿಂತದ್ದು. ನೋಡಿದೆ. ಇವನೇ ಅನ್ನಿಸಲಿಲ್ಲ, ಅಲ್ಲ ಎಂದೂ ಅನ್ನಿಸಲಿಲ್ಲ. ಕಪ್ಪು ಕೂದಲು, ಬಿಳಿ ಹಲ್ಲು, ಎಲ್ಲರ ಹಾಗೆ ಒಬ್ಬ ಹುಡುಗ. ಉಚ್ಚಂಗಮ್ಮ ಹೋದ ಮೇಲೆ ವೆಂಕಟೇಶನನ್ನು ಕೇಳಿದೆ, ಅದನ್ನು ನೀನು ಅವಳಿಂದ ಫೋನಿಗೆ ತರಿಸಿಕೊಂಡು ನಿನ್ನ ಕಂಪ್ಯೂಟರಿನಲ್ಲಿ ನೆಗೆಟಿವ್ ಮಾಡಿ ತೋರಿಸಲು ಆಗುತ್ತದೆಯಾ ಎಂದು. ಅವನಿಗೆ ತಮಾಷೆಯೆನ್ನಿಸಿತು. ಅಜ್ಜಿಗೆ ಇಂಜಿನಿಯರ್ ಕೆಲ್ಸ ಕೊಡಿಸಬೇಕು ಎನ್ನುತ್ತ ಒಂದು ಗುಂಡಿ ಒತ್ತಿದ.

ಪರದೆಯ ಮೇಲೆ ಬಿಳಿ ಕೂದಲು, ಕಪ್ಪು ಹಲ್ಲು ಬಂದವು. ಕತ್ತರಿಸಿದ ಹುಬ್ಬು. ಕೆನ್ನೆಗೆ ಅಂಟಿದ ಕಿವಿ. ಹಲ್ಲಿನ ಮೇಲೆ ಹತ್ತಿದ ಹಲ್ಲು. ನನ್ನ ಬ್ಲೇಡಿನ ತುದಿ ಎಲ್ಲೆಲ್ಲಿ ಓಡಾಡಿತ್ತೋ ಅಲ್ಲೆಲ್ಲ ನನ್ನ ಕಣ್ಣು ತಾನಾಗಿಯೇ ಓಡಾಡಿತು. ಅಳಿಸಪ್ಪ ಎಂದೆ. ವೆಂಕಟೇಶನ ನಗು ನಿಂತಿತ್ತು, ಏನಾಯ್ತಜ್ಜಿ ಎಂದ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಫೋಟೋ ಇಲ್ಲದೆ ನನ್ನ ಮಾತಿಗೆ ಏನು ಬೆಲೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಇದ್ದದ್ದು ಉಚ್ಚಂಗಮ್ಮನ ಭಯ. ನೆಗೆಟಿವನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕೆರೆದ ಗೆರೆಗಳಲ್ಲೇ ಒಂದು ಆಳಿನ ಆಕಾರ ಕಾಣುತ್ತಿತ್ತು. ಹೆಗಲು, ತಲೆ, ಚಾಚಿದ ಒಂದು ಕೈ. ಒಳಗೆ ಏನೂ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಶಾಲೆಗೆ ಹೋದೆ. ಮಕ್ಕಳ ಊಟ ಮುಗಿದಿತ್ತು. ಉಚ್ಚಂಗಮ್ಮ ಅಡುಗೆ ಕೋಣೆಯ ಹಿಂದೆ ನಲ್ಲಿಯ ಕೆಳಗೆ ದೊಡ್ಡ ಪಾತ್ರೆಯನ್ನು ಮಲಗಿಸಿಕೊಂಡು, ಅರ್ಧ ಮೈ ಅದರೊಳಗಿಟ್ಟು ಉಜ್ಜುತ್ತಿದ್ದಳು. ನಾನು ಕಲ್ಲಿನ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಏನನ್ನೂ ಬಿಡಲಿಲ್ಲ. ಹೇಳುವಾಗ ಪಾತ್ರೆಯ ಒಳಗಿನ ಸದ್ದು ನಿಂತುಹೋಯಿತು. ಅವಳು ತಲೆ ಹೊರಗೆ ತೆಗೆದಳು, ಆದರೆ ನನ್ನ ಕಡೆ ನೋಡಲಿಲ್ಲ.

"ಅವನನ್ನ ತೆಗಿ ಅಂತ ನಾ ಹೇಳಿದ್ನಾ?"

ಇಲ್ಲ ಎಂದೆ.

"ಮತ್ತೆ?"

"ಹುಡುಗಿ ಹೆಸರು ಕೆಡಬಾರದು ಅಂತ ಮಾಡಿದೆ ಉಚ್ಚಂಗಿ."

"ಹೆಸರು," ಎಂದಳು. "ಆ ಹೆಸರು ಇಟ್ಕಂಡು ನಾ ಏನ್ ಮಾಡ್ಲಿ ಅಂಜಿನಕ್ಕ? ಕರದ್ರೆ ಓ ಅನ್ನೋರು ಯಾರದಾರೆ ಮನೇಲಿ?"

ನಲ್ಲಿ ಸುರಿಯುತ್ತಲೇ ಇತ್ತು. ಅವಳು ಬಯ್ದಿದ್ದರೆ ಚೆನ್ನಾಗಿತ್ತು. ಎರಡು ಗಂಟೆ ಅವನ ಮುಖ ನೋಡಿದ್ಯಲ್ಲ, ಅವನು ಏನು ಮಾಡ್ತಿದ್ದ ಎಂದು ಕೇಳಿದಳು. ಅವಳನ್ನು ಎಳೆಯುತ್ತಿದ್ದನಾ, ಬಯ್ಯುತ್ತಿದ್ದನಾ, ಮುಖದಲ್ಲಿ ಸಿಟ್ಟು ಇತ್ತಾ.

ಹೌದು ಎನ್ನಬಹುದಾಗಿತ್ತು. ಅವಳು ಅದನ್ನೇ ಕೇಳಲು ಕಾದಿದ್ದಳು. ಆ ಮುಖ ಇನ್ನು ಎಲ್ಲಿಯೂ ಇರಲಿಲ್ಲ, ನಾನು ಹೇಳಿದ್ದೇ ಅವನ ಮುಖವಾಗುತ್ತಿತ್ತು.

"ನಗ್ತಿದ್ದ," ಎಂದೆ.

"ಇವಳು?"

"ಇವಳೂ. ಮೇಕೆ ನೋಡ್ಕೊಂಡು ಅಲ್ಲ. ಅವನ ಕಡೆ ತಿರುಗಿ."

ಅವಳು ಎದ್ದು ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು, ಒಂದೊಂದೇ ಬೆರಳು. ಅವಳು ದಿನಾ ಹೂವಿಡುತ್ತಿದ್ದ ಆ ನಗು ಯಾರಿಗೆ ಸೇರಿದ್ದೆಂದು ಅವಳಿಗೆ ಆಗ ಗೊತ್ತಾಯಿತು. ನನಗೆ ಅದನ್ನು ಹೇಳದೆ ಇರಲು ಆಗುತ್ತಿರಲಿಲ್ಲ, ಹೇಳಿದ್ದಕ್ಕೆ ಸಮಾಧಾನವೂ ಆಗಲಿಲ್ಲ.

"ನಾಳೆ ಬಾ, ಠಾಣೆಗೆ ಹೋಗಾನ," ಎಂದಳು ಕೊನೆಗೆ. "ನಗ್ತಿದ್ದ ಅನ್ನೋದನ್ನೂ ಹೇಳು. ಅದೊಂದನ್ನ ಬಿಟ್ಟು ಹೇಳಿದ್ರೆ ಮತ್ತೆ ಕೆರದಂಗೇ ಆಗ್ತೈತೆ."

ಠಾಣೆ ಕೆರೆಯ ಕಡೆಯದು. ಎರಡು ಬಸ್ಸು ಬದಲಿಸಿ ಹೋದೆವು. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು. ಅವಳ ಪಕ್ಕ ಜಾಗವಿತ್ತು, ನಾನು ಹಿಂದೆ ಕೂತೆ.

ಬರೆದುಕೊಳ್ಳುವ ಪೊಲೀಸಿನವನು ಕೆಟ್ಟವನಲ್ಲ. ನೀರು ಕೊಟ್ಟ, ಕುರ್ಚಿ ಕೊಟ್ಟ. ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿ, ಇದರಲ್ಲಿ ಯಾರೂ ಇಲ್ಲವಲ್ಲಜ್ಜಿ ಎಂದ. ಓರೆಯಾಗಿ ಹಿಡಿಯಲು ಹೇಳಿದೆ. ಹಿಡಿದು, ಕಿಟಕಿಗೆ ಇನ್ನೂ ಹತ್ತಿರ ಹೋದ. ಆಮೇಲೆ, ಕಪ್ಪು ಹಲ್ಲು ನೋಡಿ ಮನುಷ್ಯರನ್ನು ಗುರುತು ಹಿಡಿಯುತ್ತೇನೆ ಎಂದರೆ ಕೋರ್ಟಿನಲ್ಲಿ ನಗುತ್ತಾರೆ ಎಂದ. ಆದರೂ ಬರೆದುಕೊಂಡ. ದಿನ, ಹೊತ್ತು, ಜಾಗ, ಹುಬ್ಬು, ಕಿವಿ, ಹಲ್ಲು. ನಗುತ್ತಿದ್ದರು ಎನ್ನುವಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿದ.

"ಇದು ನಿಮ್ಮ ಕೇಸಿಗೇ ಏಟು. ನಗ್ತಾ ಇದ್ದೋನು ಏನು ಮಾಡಿದ ಅಂತ ಕೇಳ್ತಾರೆ. ಬಿಡ್ಲಾ?"

ಅವನು ಕೇಳಿದ್ದು ನನ್ನನ್ನು. ನಾನು ಬೆಂಚಿನ ಮೇಲಿದ್ದ ಉಚ್ಚಂಗಮ್ಮನ ಕಡೆ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು.

"ಬರ್ಕಳ್ರಿ," ಎಂದಳು.

ಬರೆದದ್ದನ್ನು ನಾನು ಕೇಳಿ ಪಡೆದು, ಒಂದೊಂದೇ ಸಾಲು ಓದಿ, ಸಹಿ ಮಾಡಿದೆ. ನೆಗೆಟಿವನ್ನು ಅವರು ಲಕೋಟೆಯಲ್ಲಿ ಹಾಕಿ ಅರಗು ಒತ್ತಿದರು.

ಹದಿನೈದು ದಿನಕ್ಕೆ ನಮ್ಮನ್ನು ಮತ್ತೆ ಕರೆಸಿದರು. ಇನ್ಸ್‌ಪೆಕ್ಟರು ಸುದೀಪನನ್ನು ಕೂರಿಸಿಕೊಂಡು, ಸಂತೆಯಲ್ಲಿ ನೀವಿಬ್ಬರೂ ಇರುವ ಫೋಟೋ ನಮ್ಮ ಹತ್ತಿರ ಬಂದಿದೆ ಎಂದರಂತೆ. ಲಕೋಟೆಯನ್ನು ಮೇಜಿನ ಮೇಲಿಟ್ಟರಂತೆ, ತೆರೆಯಲಿಲ್ಲವಂತೆ. ಅವನು ಅದನ್ನೇ ನೋಡುತ್ತ ಕೂತಿದ್ದು, ಕೊನೆಗೆ ಒಪ್ಪಿಕೊಂಡ. ಜಗಳೂರಿನಿಂದ ಬೆಳಿಗ್ಗೆಯೇ ಹೊರಟು ಬಂದಿದ್ದೆ, ಮನೆಯವರಿಗೆ ಹೆದರಿ ಸುಳ್ಳು ಹೇಳಿದೆ, ಸಂತೆಯಲ್ಲಿ ಅವಳ ಜೊತೆಗಿದ್ದವನು ನಾನೇ ಎಂದ.

ಅಲ್ಲಿಗೆ ಮುಗಿಯಲಿಲ್ಲ. ನಾವು ನಗುನಗುತ್ತಲೇ ಇದ್ದೆವು, ಫೋಟೋ ತೆಗೆದವರನ್ನೇ ಕೇಳಿ ಎಂದನಂತೆ. ಬೈಕಿನಲ್ಲಿ ಹೊನ್ನಾಳಿಯವರೆಗೆ ಕರೆದುಕೊಂಡು ಬಂದೆ, ಅಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ಇಳಿಸಿದೆ, ನನಗೆ ಹೆಣ್ಣು ಗೊತ್ತಾದ ವಿಷಯ ಆಗ ಹೇಳಿದೆ, ಅವಳು ಏನೂ ಅನ್ನದೆ ಹೋದಳು, ಮುಂದಿನದು ನನಗೆ ಗೊತ್ತಿಲ್ಲ ಎಂದ. ಜೊತೆಗಿದ್ದ ವಕೀಲ ನನ್ನ ಹೇಳಿಕೆಯಲ್ಲಿ ನಗುತ್ತಿದ್ದರು ಎಂದಿದ್ದ ಸಾಲಿನ ಕೆಳಗೆ ಗೆರೆ ಎಳೆಸಿದನಂತೆ. ಹೊನ್ನಾಳಿಯಲ್ಲಿ ಇಳಿಸಿದ್ದು ಸುಳ್ಳು ಎನ್ನಲು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಇನ್ಸ್‌ಪೆಕ್ಟರು ಉಚ್ಚಂಗಮ್ಮನಿಗೆ ಮೆತ್ತಗೆ ಹೇಳಿದರು.

ಬರುವಾಗ ಅವಳು ಮತ್ತೆ ಮುಂದೆ, ನಾನು ಹಿಂದೆ. ಬಸವಾಪಟ್ಟಣ ದಾಟಿತು. ಹೊನ್ನಾಳಿಯಲ್ಲಿ ನ್ಯಾಮತಿಯ ಬಸ್ಸು ಆಗಲೇ ನಿಂತಿತ್ತು. ಅವಳು ಅದನ್ನು ಹತ್ತಲಿಲ್ಲ. ಚೀಲದಿಂದ ಫೋಟೋ ತೆಗೆದಳು. ಗೋಡೆಯ ಮೇಲಿದ್ದದ್ದನ್ನು ಕಟ್ಟು ಸಮೇತ ತಂದಿದ್ದಳು, ನನಗೆ ಗೊತ್ತಿರಲಿಲ್ಲ. ಹೂವಿನ ದಾರದ ಗುರುತು ಗಾಜಿನ ಮೇಲಿತ್ತು.

ಬಸ್‌ಸ್ಟ್ಯಾಂಡಿನ ಮುಂದಿನ ಮೊದಲನೆಯ ಅಂಗಡಿ ಬಾಳೆಹಣ್ಣಿನದು. ಈ ಹುಡುಗಿ ಇಂಥ ದಿನ ಸಂಜೆ ಇಲ್ಲಿ ಬೈಕಿನಿಂದ ಇಳಿದಳಾ, ಇಳಿಯಲಿಲ್ಲವಾ ಎಂದು ಕೇಳಿದಳು. ಎರಡು ತಿಂಗಳ ಹಿಂದಿನದು ಹೇಗೆ ನೆನಪಿರುತ್ತದೆ ಎಂದ ಅವನು. ಮುಂದಿನದು ಬೀಡಾ ಅಂಗಡಿ. ಅದರ ಮುಂದಿನದು ಮೊಬೈಲಿನದು. ಎಲ್ಲ ಕಡೆ ಅದೇ ಪ್ರಶ್ನೆ, ಅದೇ ಮಾತಿನಲ್ಲಿ. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಅವಳು ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಹೂವಿನ ಅಂಗಡಿಯ ಹೆಂಗಸು ಮಾತ್ರ ಫೋಟೋವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ತಿರುಗಿಸಿ ನೋಡಿದಳು. ನೋಡಿದ ನೆನಪಿಲ್ಲ ಎಂದಳು. ಆದರೂ ಹಿಂದಕ್ಕೆ ಕೊಡಲಿಲ್ಲ.

"ಎಷ್ಟು ಚೆಂದ ನಗ್ತಾವಳೆ ನಿಮ್ ಹುಡ್ಗಿ," ಎಂದಳು. "ಯಾರು ತೆಗದಿದ್ದು ಇದನ್ನ?"

ಉಚ್ಚಂಗಮ್ಮ ಕೈ ಚಾಚಿ ಫೋಟೋ ಇಸಿದುಕೊಂಡಳು.

"ಯಾರೋ," ಎಂದಳು. ಗಾಜನ್ನು ಸೆರಗಿನಿಂದ ಒರೆಸಿ, ಮುಂದಿನ ಅಂಗಡಿಗೆ ನಡೆದಳು.